ಜೆ-20ರ ಎಂಜಿನ್ ಮತ್ತು ನಮ್ಮಲ್ಲಿಲ್ಲದ ಪರೀಕ್ಷಾಗಾರ: ಕರ್ನಾಟಕದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರೇ,

2025ರ ಸೆಪ್ಟೆಂಬರ್ 3ರಂದು ಬೀಜಿಂಗಿನ ಸೇನಾ ಪೆರೇಡಿನ ಮೇಲೆ ಜೆ-20 ಯುದ್ಧವಿಮಾನದ ಬೇರೆ ಬೇರೆ ರೂಪಗಳು ಹಾರಿದವು. ಇಂಥ ದೃಶ್ಯ ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಎರಡೇ ಪ್ರಶ್ನೆಗಳ ಸುತ್ತ ತಿರುಗುತ್ತದೆ: ಅವರ ಹತ್ತಿರ ಎಷ್ಟಿವೆ, ನಮ್ಮ ರೇಡಾರಿಗೆ ಅವು ಕಾಣುತ್ತವೆಯೇ. ನಾವು ಗ್ಯಾಸ್ ಟರ್ಬೈನ್ ಎಂಜಿನ್‌ಗಳ ಕೆಲಸ ಬಲ್ಲವರು. ನಮ್ಮ ಕಣ್ಣು ಮೊದಲು ಹೋಗುವುದು ವಿಮಾನದ ಬಾಲಕ್ಕೆ. ಅಲ್ಲಿರುವ ಎರಡು ಎಂಜಿನ್‌ಗಳು ಯಾರವು, ಅವು ಅಲ್ಲಿಗೆ ಬಂದದ್ದು ಹೇಗೆ ಎಂಬ ಕಥೆಯನ್ನು ತಮ್ಮ ಮುಂದಿಡಬೇಕು. ಅದರಲ್ಲಿ ಭಾರತ ರೂಪಿಸುತ್ತಿರುವ ಹೊಸ ಯುದ್ಧವಿಮಾನ ಎಎಂಸಿಎಗೆ ನೇರವಾಗಿ ತಗಲುವ ಒಂದು ಸಂಗತಿ ಇದೆ: ಎಂಜಿನ್ನನ್ನು ಎತ್ತರದ ವಾತಾವರಣದಲ್ಲಿ ಪರೀಕ್ಷಿಸುವ ಸಾಧನ ನಮ್ಮ ದೇಶದಲ್ಲಿಲ್ಲ. ಅದರ ಬಗ್ಗೆ ದೆಹಲಿಯಲ್ಲಿ ಗಟ್ಟಿಯಾಗಿ ಕೇಳುವವರು ಬೇಕು. ಎಎಂಸಿಎ ರೂಪಿಸುತ್ತಿರುವ ಎಡಿಎ ಬೆಂಗಳೂರಿನಲ್ಲಿದೆ, ಎಂಜಿನ್ ವಿನ್ಯಾಸದ ಹೊಣೆ ಹೊತ್ತ ಜಿಟಿಆರ್‌ಇ ಸಿ.ವಿ. ರಾಮನ್ ನಗರದಲ್ಲಿದೆ. ಆದ್ದರಿಂದ ಈ ಪತ್ರ ತಮಗೇ.

ಜೆ-20 ಮೊದಲು ಹಾರಿದ್ದು 2011ರ ಜನವರಿ 11ರಂದು, ಚೆಂಗ್ದುವಿನಲ್ಲಿ. ವಾಯುಪಡೆಗೆ ಸೇರಿದ್ದನ್ನು ಚೀನಾ 2017ರಲ್ಲಿ ಹೇಳಿತು. ಮೊದಲ ಜೆ-20ಗಳು ಹಾರಿದ್ದು ರಷ್ಯಾದ ಎಎಲ್-31 ಕುಟುಂಬದ ಎಂಜಿನ್‌ಗಳಿಂದ. ವಿಮಾನವನ್ನು ರೂಪಿಸಿದ್ದು ಡಬ್ಲ್ಯುಎಸ್-15 ಎಂಬ ಸ್ವದೇಶಿ ಎಂಜಿನ್ನಿಗಾಗಿ, ಆದರೆ ಅದು ಸಿದ್ಧವಿರಲಿಲ್ಲ. ಚೀನಾ ಕಾಯಲಿಲ್ಲ. ಕೈಯಲ್ಲಿದ್ದ ಎಂಜಿನ್ ಕೂರಿಸಿ ವಿಮಾನವನ್ನು ಹಾರಿಸಿತು. ಎಂಜಿನ್ ಕೆಲಸವನ್ನು ಅದರ ಪಾಡಿಗೆ ಬೇರೆ ದಾರಿಯಲ್ಲಿ ನಡೆಸಿತು. 2021ರ ಜುಹಾಯ್ ವೈಮಾನಿಕ ಪ್ರದರ್ಶನದ ಹೊತ್ತಿಗೆ ಜೆ-20ರ ಬಾಲದಲ್ಲಿ ಚೀನಾದ್ದೇ ಆದ ಡಬ್ಲ್ಯುಎಸ್-10ಸಿ ಎಂಜಿನ್ ಬಂದಿತ್ತು, ಬಿಸಿ ಅನಿಲ ಹೊರಬರುವ ನಾಜಲ್‌ನ ಅಂಚಿನಲ್ಲಿ ಗರಗಸದ ಹಲ್ಲುಗಳಿದ್ದದ್ದರಿಂದ ನೋಡಿದ ಕೂಡಲೇ ಗುರುತು ಸಿಗುತ್ತಿತ್ತು. 2023ರ ಮಾರ್ಚ್‌ನಲ್ಲಿ ಬೀಜಿಂಗಿನ ವೈಮಾನಿಕ ಲೋಹ ಸಂಶೋಧನಾ ಸಂಸ್ಥೆಯ ಅಧಿಕಾರಿಯೊಬ್ಬರು ಡಬ್ಲ್ಯುಎಸ್-15ರ ತೊಡಕುಗಳು ಬಗೆಹರಿದಿವೆ ಎಂದು ಬಹಿರಂಗವಾಗಿ ಹೇಳಿದರು. ಅದೇ ವರ್ಷದ ನಡುವಿನಲ್ಲಿ ಎರಡೂ ಕಡೆ ಡಬ್ಲ್ಯುಎಸ್-15 ಇದ್ದ ಜೆ-20 ಹಾರಿದ ವರದಿಗಳು ಬಂದವು. ತೊಡಕುಗಳು ಬಗೆಹರಿದಿವೆ ಎಂದು ಹೇಳಿದವರು ವಿಮಾನ ಕಾರ್ಖಾನೆಯವರಲ್ಲ, ಲೋಹದ ಸಂಸ್ಥೆಯವರು. ಎಂಜಿನ್ನಿನ ಗಂಟು ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಚೀನಾ ಈ ಎಂಜಿನ್‌ಗಳ ಲೆಕ್ಕವನ್ನು ಪ್ರಕಟಿಸುವುದಿಲ್ಲ, ಹೊರಗಿನವರ ಅಂದಾಜುಗಳಷ್ಟೇ ಇವೆ. ಎಎಲ್-31ಎಫ್‌ನ ಗರಿಷ್ಠ ನೂಕುಬಲ 12.5 ಟನ್. ಡಬ್ಲ್ಯುಎಸ್-10ಸಿಯದು 14 ಟನ್ ಆಸುಪಾಸು ಎನ್ನುತ್ತಾರೆ. ಡಬ್ಲ್ಯುಎಸ್-15ರ ಗುರಿ 18 ಟನ್. ತುಂಬಿದಾಗ 35 ಟನ್ ದಾಟುವ ಜೆ-20ಗೆ ಎರಡು ಎಂಜಿನ್ ಸೇರಿ 25 ಟನ್ ಸಿಗುವುದಕ್ಕೂ 36 ಟನ್ ಸಿಗುವುದಕ್ಕೂ ಇರುವ ಅಂತರ ಬರಿಯ ವೇಗದ್ದಲ್ಲ. ಎಎಲ್-31ಎಫ್ ತನ್ನ ಆಫ್ಟರ್‌ಬರ್ನರ್, ಅಂದರೆ ಹಿಂಭಾಗದಲ್ಲಿ ಹೆಚ್ಚುವರಿ ಇಂಧನ ಉರಿಸುವ ವ್ಯವಸ್ಥೆ, ಹೊತ್ತಿಸಿ ಪೂರ್ಣಬಲದಲ್ಲಿ ಓಡಿದರೆ ನೆಲಮಟ್ಟದಲ್ಲಿ ನಿಮಿಷಕ್ಕೆ ಸುಮಾರು 400 ಕೆಜಿ ಇಂಧನ ಕುಡಿಯುತ್ತದೆ. ಅದು ಒಂದು ಎಂಜಿನ್ನಿನ ಲೆಕ್ಕ. ಆಫ್ಟರ್‌ಬರ್ನರ್ ಇಲ್ಲದೆ ಪೂರ್ಣಬಲದಲ್ಲಿ ಓಡಿದರೆ ಅದರ ಕಾಲುಭಾಗ ಸಾಕು. ಅಂದರೆ ಆಫ್ಟರ್‌ಬರ್ನರ್ ಹೊತ್ತಿಸದೆಯೇ ಶಬ್ದವೇಗ ದಾಟಿ ಹಾರಬಲ್ಲ ವಿಮಾನ ದೂರ ಹೋಗುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಹಿಂದೆ ಉದ್ದನೆಯ ಬೆಂಕಿಯ ಬಾಲ ಇಲ್ಲದ್ದರಿಂದ ಶಾಖ ಹುಡುಕುವ ಕಣ್ಣಿಗೂ ಅಷ್ಟು ಸುಲಭವಾಗಿ ಸಿಗುವುದಿಲ್ಲ. ರೇಡಾರಿಗೆ ಕಾಣದಂತೆ ಮೈ ತಿದ್ದಿದ ವಿಮಾನ ಶಾಖದಲ್ಲಿ ಹಗಲಿನಂತೆ ಕಂಡರೆ ಆ ತಿದ್ದುವಿಕೆಯ ಅರ್ಧ ವ್ಯರ್ಥ.

ಎಂಜಿನ್ ಬದಲಿಸುವುದೆಂದರೆ ಲಾರಿಗೆ ಬೇರೆ ಎಂಜಿನ್ ಇಳಿಸಿದಂತೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಎಎಲ್-31ಎಫ್ ಸೆಕೆಂಡಿಗೆ ಸುಮಾರು 112 ಕೆಜಿ ಗಾಳಿ ಎಳೆದುಕೊಳ್ಳುತ್ತದೆ. ವಿಮಾನದ ಗಾಳಿಬಾಯಿಯ ಅಳತೆ, ಅದರ ಎದುರಿನ ಉಬ್ಬು, ಒಳಗಿನ ಬಾಗಿದ ಕೊಳವೆ ಎಲ್ಲವೂ ಎಂಜಿನ್ ಬೇಡುವ ಗಾಳಿಗೆ ಹೊಂದಬೇಕು. ಜೆ-20ರ ಗಾಳಿಬಾಯಿಯಲ್ಲಿ ಅಲುಗುವ ತಟ್ಟೆಗಳಿಲ್ಲ, ಸ್ಥಿರವಾದ ಉಬ್ಬೇ ಕೆಲಸ ಮಾಡಬೇಕು, ಆದ್ದರಿಂದ ಅಳತೆ ತಪ್ಪಿದರೆ ಹಾರುತ್ತ ಸರಿಪಡಿಸಿಕೊಳ್ಳುವ ಅವಕಾಶ ಕಡಿಮೆ. ಎಂಜಿನ್ ಬೇಡಿದ್ದಕ್ಕಿಂತ ಗಾಳಿ ಕಡಿಮೆ ಬಂದರೆ, ಅಥವಾ ತಿರುವುಮುರುವಾಗಿ ಬಂದರೆ, ಗಾಳಿಯನ್ನು ಒತ್ತುವ ಕಂಪ್ರೆಸರ್ ಬ್ಲೇಡುಗಳ ಮೇಲಿನ ಹರಿವು ಕಿತ್ತು ಒಳಗಿನ ಒತ್ತಡದ ಗಾಳಿ ಮುಂದಕ್ಕೆ ಉಗುಳುತ್ತದೆ. ಇದನ್ನೇ ಸರ್ಜ್ ಎನ್ನುವುದು. ತೋಪು ಹಾರಿದಂಥ ಸದ್ದು, ಕೆಲವೊಮ್ಮೆ ಎಂಜಿನ್ ಆರಿಹೋಗುವುದು, ಇನ್ನೂ ಕೆಟ್ಟದ್ದಾದರೆ ಬ್ಲೇಡ್ ಮುರಿಯುವುದು. ಇದರ ಜೊತೆಗೆ ಎಂಜಿನ್ ತೂಗುಹಾಕುವ ಕೊಂಡಿಗಳ ಜಾಗ, ಗೇರ್‌ಬಾಕ್ಸಿನಿಂದ ಜನರೇಟರು ಪಡೆಯುವ ಶಕ್ತಿ, ಇಂಧನ ಪಂಪಿನ ಹರಿವು, ಎಂಜಿನ್ ಗೂಡನ್ನು ತಂಪಾಗಿಡುವ ಗಾಳಿ, ಎಂಜಿನ್ ಕಂಪ್ಯೂಟರು ವಿಮಾನದ ಕಂಪ್ಯೂಟರಿನೊಡನೆ ಆಡುವ ಮಾತು, ವಿಮಾನದ ತೂಕದ ನಡುಬಿಂದು ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ಡಬ್ಲ್ಯುಎಸ್-15ಕ್ಕಾಗಿಯೇ ತಿದ್ದಿದ್ದು ಎಂದು ಪರಿಣತರು ಗುರುತಿಸುವ ಜೆ-20ಎ ರೂಪದಲ್ಲಿ ಪೈಲಟ್ ಕೂರುವ ಜಾಗದ ಹಿಂದಿನ ಬೆನ್ನು ಕೂಡ ಎತ್ತರವಾಗಿದೆ. ಎಂಜಿನ್ ಜೊತೆ ಮೈಯೂ ಬದಲಾಯಿತು.

ಇಷ್ಟು ದೂರ ಬರಲು ಚೀನಾಕ್ಕೆ ಎಷ್ಟು ಕಾಲ ಹಿಡಿಯಿತು, ಎಲ್ಲೆಲ್ಲಿ ಎಡವಿತು ಎಂಬುದನ್ನು ಗಮನಿಸಿ. 1964ರಲ್ಲಿ ಶುರುವಾದ ಡಬ್ಲ್ಯುಎಸ್-6 ಎಂಜಿನ್ ಅದಕ್ಕೆ ನಿಗದಿಯಾಗಿದ್ದ ವಿಮಾನವನ್ನೇ ಕೈಬಿಟ್ಟದ್ದರಿಂದ 1980ರ ದಶಕದಲ್ಲಿ ನಿಂತುಹೋಯಿತು. 1975ರ ಡಿಸೆಂಬರಿನಲ್ಲಿ ಬ್ರಿಟನ್ನಿನ ರೋಲ್ಸ್ ರಾಯ್ಸ್ ಜೊತೆ ಸ್ಪೇ ಎಂಜಿನ್ನಿನ ಲೈಸೆನ್ಸ್ ಒಪ್ಪಂದವಾಯಿತು. ನಾಲ್ಕೈದು ವರ್ಷಗಳಲ್ಲಿ ಜೋಡಿಸಿದ ಎಂಜಿನ್‌ಗಳು ಪರೀಕ್ಷೆಯನ್ನೂ ದಾಟಿದವು. ಆದರೆ ಅದೇ ಎಂಜಿನ್ ಪೂರ್ತಿ ಚೀನಾದ ಲೋಹ, ಚೀನಾದ ಬಿಡಿಭಾಗಗಳಿಂದ ಚಿನ್‌ಲಿಂಗ್ ಎಂಬ ಹೆಸರಿನಲ್ಲಿ ಒಪ್ಪಿಗೆ ಪಡೆದದ್ದು 2003ರಲ್ಲಿ. ಜೋಡಿಸಲು ಕಲಿತಲ್ಲಿಂದ ಮಾಡಲು ಕಲಿಯುವವರೆಗೆ ಎರಡು ದಶಕ ದಾಟಿತು. ತಂತ್ರಜ್ಞಾನ ವರ್ಗಾವಣೆ ಎಂಬ ಪದ ಕೇಳಿದಾಗಲೆಲ್ಲ ದಯವಿಟ್ಟು ಈ ಎರಡು ದಶಕಗಳನ್ನು ನೆನೆಸಿಕೊಳ್ಳಿ.

ಡಬ್ಲ್ಯುಎಸ್-10 ಶುರುವಾದದ್ದು 1980ರ ದಶಕದ ನಡುವಿನಲ್ಲಿ. ತೈಹಾಂಗ್ ಎಂದು ಅದರ ಹೆಸರು. ಡಬ್ಲ್ಯುಎಸ್-15ರ ಹೆಸರು ಎಮೆಯ್. ನಾವು ಎಂಜಿನ್ನಿಗೆ ಕಾವೇರಿ ಎಂದು ನದಿಯ ಹೆಸರಿಟ್ಟೆವು, ಅವರು ಬೆಟ್ಟಗಳ ಹೆಸರಿಡುತ್ತಾರೆ. ತೈಹಾಂಗ್ 2005ರ ಕೊನೆಗೆ ವಿನ್ಯಾಸದ ಒಪ್ಪಿಗೆ ಪಡೆಯಿತು. ಸಂಕಟ ಶುರುವಾದದ್ದು ಆಮೇಲೆ. ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬಂದ ಎಂಜಿನ್‌ಗಳು ಪರೀಕ್ಷೆಯ ಎಂಜಿನ್ನಿನಷ್ಟು ಬಾಳಲಿಲ್ಲ. 2009ರಲ್ಲಿ ಅವರ ವೈಮಾನಿಕ ಉದ್ಯಮದ ಮುಖ್ಯಸ್ಥರೇ ಗುಣಮಟ್ಟ ತೃಪ್ತಿಕರವಾಗಿಲ್ಲ ಎಂದು ಒಪ್ಪಿಕೊಂಡರು. ಒಂದು ಎಂಜಿನ್ ಚೆನ್ನಾಗಿ ಓಡುವುದು ವಿನ್ಯಾಸದ ಗೆಲುವು. ನೂರನೆಯ ಎಂಜಿನ್ ಮೊದಲನೆಯದರಂತೆಯೇ ಓಡುವುದು ಕಾರ್ಖಾನೆಯ ಗೆಲುವು. ಎರಡನೆಯದಕ್ಕೆ ಅವರಿಗೆ ಇನ್ನೂ ಹತ್ತು ವರ್ಷ ಬೇಕಾಯಿತು.

ಆ ಹತ್ತು ವರ್ಷ ಎಲ್ಲಿ ಹೋಯಿತು ಎಂದರೆ, ದೊಡ್ಡ ಪಾಲು ಹೆಬ್ಬೆರಳಿನಷ್ಟೋ ಅಂಗೈಯಷ್ಟೋ ಉದ್ದದ ಒಂದು ವಸ್ತುವಿಗೆ: ಹೈ ಪ್ರೆಷರ್ ಟರ್ಬೈನಿನ, ಅಂದರೆ ಉರಿದ ಅನಿಲ ಮೊದಲು ಬಡಿದು ತಿರುಗಿಸುವ ಚಕ್ರದ, ಬ್ಲೇಡ್. ಈ ಕಾಲದ ಯುದ್ಧವಿಮಾನದ ಎಂಜಿನ್ನಿನಲ್ಲಿ ಆ ಬ್ಲೇಡಿಗೆ ಬಡಿಯುವ ಅನಿಲದ ಉಷ್ಣತೆ 1,600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬ್ಲೇಡಿನ ನಿಕಲ್ ಮಿಶ್ರಲೋಹ ಕರಗತೊಡಗುವುದು 1,300 ಡಿಗ್ರಿ ದಾಟಿದ ಸ್ವಲ್ಪದರಲ್ಲೇ. ಕರಗುವ ಬಿಸಿಗಿಂತ ಹೆಚ್ಚಿನ ಬಿಸಿಯಲ್ಲಿ ಅದು ನಿಲ್ಲಬೇಕು, ಸುಮ್ಮನೆ ನಿಂತರೂ ಸಾಲದು. ನಡು ಅಕ್ಷದಿಂದ 30 ಸೆಂಟಿಮೀಟರ್ ದೂರದಲ್ಲಿ 200 ಗ್ರಾಂ ತೂಕದ ಬ್ಲೇಡ್ ನಿಮಿಷಕ್ಕೆ 14,000 ಸುತ್ತು ತಿರುಗಿದರೆ ಅದು ಬೇರಿನಲ್ಲಿ ಎಳೆಯುವ ಬಲ ಸುಮಾರು 13 ಟನ್. ತುಂಬಿದ ಲಾರಿಯೊಂದನ್ನು ಆ ಚಿಕ್ಕ ಬ್ಲೇಡಿಗೆ ತೂಗುಹಾಕಿ ಕುಲುಮೆಯಲ್ಲಿ ಇಟ್ಟಂತೆ.

ಸಾಮಾನ್ಯ ಎರಕದ ಲೋಹದಲ್ಲಿ ಸಣ್ಣ ಸಣ್ಣ ಹರಳುಗಳಿರುತ್ತವೆ. ಬಿಸಿಯಲ್ಲಿ ಎಳೆತ ಬಿದ್ದಾಗ ಆ ಹರಳುಗಳ ನಡುವಿನ ಗಡಿ ಜಾರುತ್ತದೆ, ಬ್ಲೇಡ್ ನಿಧಾನವಾಗಿ ಉದ್ದವಾಗುತ್ತದೆ, ಕವಚಕ್ಕೆ ಉಜ್ಜುತ್ತದೆ, ಕೊನೆಗೆ ಮುರಿಯುತ್ತದೆ. ಅದಕ್ಕೇ ಇಡೀ ಬ್ಲೇಡನ್ನು ಒಂದೇ ಹರಳಾಗಿ ಬೆಳೆಸುತ್ತಾರೆ. ಒಳಗಿನ ಗಾಳಿದಾರಿಗಳ ಆಕಾರದ ಪಿಂಗಾಣಿ ತಿರುಳನ್ನು ಇಟ್ಟು ಅದರ ಸುತ್ತ ಮೇಣದ ಅಚ್ಚು ಎರೆಯುತ್ತಾರೆ. ಅದನ್ನು ಪಿಂಗಾಣಿ ರಾಡಿಯಲ್ಲಿ ಅದ್ದಿ, ಮರಳು ಉದುರಿಸಿ, ಒಣಗಿಸಿ, ಮತ್ತೆ ಅದ್ದಿ, ಹೀಗೆ ಪದರ ಪದರವಾಗಿ ಚಿಪ್ಪು ಕಟ್ಟುತ್ತಾರೆ. ಮೇಣ ಕರಗಿಸಿ ತೆಗೆದು, ನಿರ್ವಾತ ಕುಲುಮೆಯಲ್ಲಿ ಲೋಹ ಹೊಯ್ಯುತ್ತಾರೆ. ಚಿಪ್ಪಿನ ತಳದಲ್ಲಿ ನೀರಿನಿಂದ ತಂಪಾಗಿಟ್ಟ ತಾಮ್ರದ ತಟ್ಟೆ. ಅಲ್ಲಿ ಹುಟ್ಟುವ ನೂರಾರು ಹರಳುಗಳು ಹಂದಿಬಾಲದಂತೆ ಸುತ್ತಿದ ಕಿರಿದಾದ ದಾರಿಯಲ್ಲಿ ಮೇಲೇರಬೇಕು. ಆಚೆ ಬರುವುದು ಒಂದೇ ಹರಳು. ಚಿಪ್ಪನ್ನು ಬಿಸಿ ವಲಯದಿಂದ ನಿಮಿಷಕ್ಕೆ ಮೂರು ಮಿಲಿಮೀಟರ್ ಆಸುಪಾಸಿನಲ್ಲಿ ಕೆಳಗೆ ಇಳಿಸುತ್ತ ಹೋದರೆ ಆ ಒಂದು ಹರಳೇ ಇಡೀ ಬ್ಲೇಡಾಗಿ ಬೆಳೆಯುತ್ತದೆ. ಇಳಿಸುವ ವೇಗ ತುಸು ಹೆಚ್ಚಾದರೆ ಮೂಲೆಯಲ್ಲಿ ಬೇರೆ ಹರಳು ಹುಟ್ಟುತ್ತದೆ. ನಿಧಾನವಾದರೆ ಮೈಮೇಲೆ ಮಚ್ಚೆಗಳ ಸರಪಳಿ ಬೀಳುತ್ತದೆ. ಪಿಂಗಾಣಿ ತಿರುಳು ಕೂದಲೆಳೆಯಷ್ಟು ಜರುಗಿದರೆ ಒಂದು ಕಡೆಯ ಗೋಡೆ ತೆಳ್ಳಗಾಗಿ ಅಲ್ಲೇ ಸುಡುತ್ತದೆ. ಎರಕ ಚೆನ್ನಾಗಿಯೇ ಬಂದರೂ, ಚಿಪ್ಪು ಒಡೆಯುವಾಗ ಸುತ್ತಿಗೆಯ ಏಟು ಜೋರಾದರೆ ಲೋಹದಲ್ಲಿ ಒತ್ತಡ ಉಳಿಯುತ್ತದೆ. ಮುಂದೆ 1,300 ಡಿಗ್ರಿಯ ಹತ್ತಿರ ಹದಗೊಳಿಸುವಾಗ ಅದೇ ಜಾಗದಲ್ಲಿ ಹೊಸ ಹರಳುಗಳು ಎದ್ದು ಬ್ಲೇಡ್ ರದ್ದಿಗೆ ಹೋಗುತ್ತದೆ. ಆಮೇಲೆ ಎಕ್ಸ್-ರೇ ಹಿಡಿದು ಹರಳಿನ ದಿಕ್ಕು ನೋಡುತ್ತಾರೆ. ಬ್ಲೇಡಿನ ಉದ್ದಕ್ಕೆ ಅದು ಹತ್ತು ಹದಿನೈದು ಡಿಗ್ರಿಗಿಂತ ಓರೆಯಾಗಿದ್ದರೆ ಅದೂ ರದ್ದು. ಕಾಸ್ಟಿಕ್ ಸೋಡಾದಲ್ಲಿ ತಿರುಳನ್ನು ಕರಗಿಸಿ ತೆಗೆದ ನಂತರ ತಂಪು ಗಾಳಿ ಹೊರಬರುವ ತೂತುಗಳನ್ನು ಕೊರೆಯಬೇಕು, ಮೈಗೆ ಶಾಖ ತಡೆಯುವ ಜಿರ್ಕೋನಿಯಾ ಲೇಪ ಹಚ್ಚಬೇಕು.

ಈ ಪ್ರತಿ ಹೆಜ್ಜೆಯೂ ಪುಸ್ತಕಗಳಲ್ಲಿದೆ. ಪುಸ್ತಕದಲ್ಲಿ ಸಿಗದ್ದು ಒಂದೇ: ನೂರು ಬ್ಲೇಡ್ ಎರೆದರೆ ಎಷ್ಟು ಉಳಿಯುತ್ತವೆ. ಆ ಸಂಖ್ಯೆಯನ್ನು ಯಾವ ದೇಶವೂ ಯಾವ ಒಪ್ಪಂದದಲ್ಲೂ ಮಾರುವುದಿಲ್ಲ. ಅದನ್ನು ಎರೆದೂ ಎರೆದೂ, ರದ್ದಿ ಮಾಡಿ ಮಾಡಿ ಗಳಿಸಬೇಕು. ಚೀನಾದ ಡಿಡಿ6 ಎಂಬ ಏಕಹರಳು ಲೋಹದಲ್ಲಿ ಶೇ 2ರಷ್ಟು ರೀನಿಯಂ ಇದೆ, ಪಶ್ಚಿಮದ ಅದೇ ತಲೆಮಾರಿನ ಲೋಹಗಳಲ್ಲಿ ಶೇ 3ರಷ್ಟು ಇರುತ್ತದೆ. ರೀನಿಯಂ ತಾಮ್ರ ಮತ್ತು ಮಾಲಿಬ್ಡಿನಂ ಅದಿರಿನ ಜೊತೆ ತೊಟ್ಟು ತೊಟ್ಟಾಗಿ ಸಿಗುವ ಲೋಹ, ಜಗತ್ತಿನ ದೊಡ್ಡ ಪಾಲು ಬರುವುದು ಚಿಲಿಯಿಂದ. ಆ ಒಂದು ಪ್ರತಿಶತವನ್ನು ಉಳಿಸಿಯೂ ಬಲ ಕಳೆಯದಂತೆ ಮಾಡುವುದಕ್ಕೆ ಒಂದು ಇಡೀ ಪ್ರಯೋಗಾಲಯದ ಆಯುಷ್ಯ ಖರ್ಚಾಗುತ್ತದೆ. ನಮ್ಮಲ್ಲಿ ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ 2021ರಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗಾಗಿ 60 ಏಕಹರಳು ಬ್ಲೇಡುಗಳನ್ನು ಎಚ್‌ಎಎಲ್‌ಗೆ ಕೊಟ್ಟಿತು, ಒಟ್ಟು 300 ಬ್ಲೇಡುಗಳ ಕಾರ್ಯಕ್ರಮದ ಭಾಗವಾಗಿ. ಇದು ನಿಜವಾದ ಸಾಧನೆ, ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಯುದ್ಧವಿಮಾನದ ಎಂಜಿನ್ನುಗಳನ್ನು ವರ್ಷವರ್ಷವೂ ಹೊರತರುವ ಕಾರ್ಖಾನೆಗೆ ಬೇಕಾಗುವುದು ಸಾವಿರಗಳ ಲೆಕ್ಕ.

ಈಗ ನಾವು ಬರೆಯಲು ಕೂತ ಮುಖ್ಯ ವಿಷಯಕ್ಕೆ ಬರುತ್ತೇವೆ. ಎಂಜಿನ್ ನೆಲದ ಮೇಲೆ ಓಡಿದರೆ ಸಾಲದು. 11 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 22, ಉಷ್ಣತೆ ಮೈನಸ್ 56 ಡಿಗ್ರಿ. ಅಲ್ಲಿ ಇಂಧನದ ಹನಿ ಒಡೆಯುವ ರೀತಿಯೇ ಬೇರೆ, ಉರಿ ಹಿಡಿಯುವುದು ತಡ, ಆರಿದ ಎಂಜಿನ್ ಮತ್ತೆ ಹೊತ್ತುವುದು ಇನ್ನೂ ಕಷ್ಟ. ಆಫ್ಟರ್‌ಬರ್ನರಿನ ಉರಿ ಕಿರುಚುವ ಕಂಪನಕ್ಕೆ ತಿರುಗಿ ಕೊಳವೆಯನ್ನೇ ಸೀಳಬಹುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿನ ನೆಲದ ಪರೀಕ್ಷೆಯಲ್ಲೇ ಒತ್ತಡ ಶೇ 10ರಷ್ಟು ಕಡಿಮೆ, ಅದನ್ನು ಲೆಕ್ಕ ಹಾಕಿ ತಿದ್ದಿಕೊಳ್ಳುತ್ತಾರೆ. ಆದರೆ 11 ಕಿಲೋಮೀಟರನ್ನು ಲೆಕ್ಕದಲ್ಲಿ ತಿದ್ದಿಕೊಳ್ಳಲಾಗದು. ಅದಕ್ಕೆ ಎರಡು ಸಾಧನ ಬೇಕು. ಒಂದು, ಎತ್ತರದ ಗಾಳಿಯನ್ನು ನೆಲದ ಮೇಲೇ ಸೃಷ್ಟಿಸುವ ಪರೀಕ್ಷಾ ಕೋಣೆ. ಇನ್ನೊಂದು, ಹಾರುವ ಪರೀಕ್ಷಾ ವಿಮಾನ, ಅಂದರೆ ನಾಲ್ಕು ಎಂಜಿನ್ನಿನ ದೊಡ್ಡ ವಿಮಾನದಲ್ಲಿ ಒಂದನ್ನು ತೆಗೆದು ಅಲ್ಲಿ ಹೊಸ ಎಂಜಿನ್ ತೂಗುಹಾಕುವ ವ್ಯವಸ್ಥೆ.

ಚೀನಾ ಮೊದಲನೆಯದನ್ನು ಸಿಚುವಾನಿನ ಜಿಯಾಂಗ್ಯೂವಿನಲ್ಲಿ 1965ರಲ್ಲಿ ಶುರುಮಾಡಿತು. ಅದು ಸಿದ್ಧವಾದದ್ದು 1995ರಲ್ಲಿ. ಮೂವತ್ತು ವರ್ಷ! ಆ ನಡುವೆ ಎಂಜಿನ್ ಯೋಜನೆಗಳು ಬಂದವು, ಹೋದವು, ಅವುಗಳಲ್ಲಿ ಕೆಲವು ಸತ್ತವು, ಆದರೆ ಪರೀಕ್ಷಾಗಾರದ ಕೆಲಸ ಬಿಡಲಿಲ್ಲ. ಎರಡನೆಯದಕ್ಕೆ ರಷ್ಯಾದ ಐಎಲ್-76 ಸಾಗಣೆ ವಿಮಾನ ತಂದು ಶಿಯಾನ್ ಹತ್ತಿರದ ಯಾನ್‌ಲಿಯಾಂಗಿನಲ್ಲಿ ಇಟ್ಟುಕೊಂಡಿತು. ಎಂಜಿನ್ನಿನಲ್ಲಿ ಸೋಮವಾರ ದೋಷ ಕಂಡರೆ ತಿದ್ದಿ ಅದೇ ತಿಂಗಳು ಮತ್ತೆ ಹಾರಿಸುವ ಸ್ವಾತಂತ್ರ್ಯ ಅಲ್ಲಿಂದ ಬಂತು.

ತೇಜಸ್ ಯುದ್ಧವಿಮಾನಕ್ಕೆಂದು ಶುರುವಾದ ನಮ್ಮ ಕಾವೇರಿ ಎಂಜಿನ್ನಿನ ಕಥೆ ತಮಗೆ ಗೊತ್ತಿರುವುದೇ. 1989ರಲ್ಲಿ 382.81 ಕೋಟಿ ರೂಪಾಯಿಗೆ ಮಂಜೂರಾಯಿತು. 81 ಕಿಲೋನ್ಯೂಟನ್ (ಸುಮಾರು ಎಂಟು ಟನ್) ನೂಕುಬಲದ ಗುರಿಯಿತ್ತು, 70ರ ಆಸುಪಾಸಿಗೆ ನಿಂತಿತು, 2008ರಲ್ಲಿ ತೇಜಸ್‌ನಿಂದ ಬೇರ್ಪಟ್ಟಿತು. ಇದನ್ನು ಹೇಳಿ ಜಿಟಿಆರ್‌ಇ ಎಂಜಿನಿಯರ್‌ಗಳನ್ನು ಬೈಯುವವರು ಒಂದು ಮಾತು ಬಿಡುತ್ತಾರೆ. ಎತ್ತರದ ಪರೀಕ್ಷೆಗೆ ಕಾವೇರಿ ಮಾಸ್ಕೋಗೆ ಹೋಗಬೇಕಾಯಿತು. 2010ರ ನವೆಂಬರಿನಲ್ಲಿ ಮೊದಲ ಸಲ ಆಕಾಶದಲ್ಲಿ ಓಡಿದ್ದೂ ರಷ್ಯಾದಲ್ಲೇ, ಗ್ರೋಮೋವ್ ಸಂಸ್ಥೆಯ ಐಎಲ್-76ರ ರೆಕ್ಕೆಯ ಕೆಳಗೆ. ಆಫ್ಟರ್‌ಬರ್ನರ್ ಇಲ್ಲದ ಈಚಿನ ಕಾವೇರಿಯ ಪರೀಕ್ಷೆಗೂ ರಷ್ಯಾವೇ ಗತಿಯಾಯಿತು. ಎಂಜಿನ್ ಪೆಟ್ಟಿಗೆಗೆ ಕಟ್ಟಬೇಕು, ಸಾಗಿಸಬೇಕು, ಅವರ ಸರದಿ ಕಾಯಬೇಕು, ಅವರ ಉಪಕರಣದಲ್ಲಿ ಅಳೆಯಬೇಕು, ದೋಷ ಕಂಡರೆ ವಾಪಸ್ ತಂದು ತಿದ್ದಿ ಮತ್ತೆ ಕಳಿಸಬೇಕು. ಒಂದು ತಿಂಗಳಿನಲ್ಲಿ ಮುಗಿಯುವ ಸುತ್ತು ವರ್ಷಗಳಿಗೆ ಎಳೆಯುತ್ತದೆ. ಎಂಜಿನ್ ಬೆಳೆಯುವುದು ಈ ಸುತ್ತುಗಳ ಎಣಿಕೆಯಿಂದ. ನಮಗೆ ಸಿಕ್ಕ ಸುತ್ತುಗಳು ತೀರ ಕಡಿಮೆ.

ಇನ್ನೊಂದು ವ್ಯತ್ಯಾಸ ಅಷ್ಟಾಗಿ ಯಾರೂ ಹೇಳದ್ದು. ಚೀನಾ ತೈಹಾಂಗನ್ನು ಮೊದಲು ಕೂರಿಸಿದ್ದು ಜೆ-11ಬಿಗೆ, ಅದು ಎರಡು ಎಂಜಿನ್ನಿನ ವಿಮಾನ. ಒಂದು ಕೆಟ್ಟರೆ ಇನ್ನೊಂದರಲ್ಲಿ ಮನೆಗೆ ಬರಬಹುದು. ಒಂದೇ ಎಂಜಿನ್ನಿನ ಜೆ-10ಕ್ಕೆ ಅದು ವಾಡಿಕೆಯ ಎಂಜಿನ್ನಾಗಿ ಬಂದದ್ದು ಅದಾಗಿ ಸುಮಾರು ಹತ್ತು ವರ್ಷಕ್ಕೆ, ಅಲ್ಲಿಯವರೆಗೆ ಜೆ-10 ರಷ್ಯಾದ ಎಂಜಿನ್ನಿನಲ್ಲೇ ಹಾರಿತು. ಹೊಸ ಎಂಜಿನ್ ತಪ್ಪು ಮಾಡುತ್ತದೆ ಎಂದು ಮೊದಲೇ ಒಪ್ಪಿಕೊಂಡು, ತಪ್ಪು ಮಾಡಿದರೂ ಜೀವ ಹೋಗದ ಜಾಗದಲ್ಲಿ ಅದನ್ನು ಇಟ್ಟರು. ಕಾವೇರಿಯನ್ನು ನಾವು ಕಟ್ಟಿದ್ದು ತೇಜಸ್‌ಗೆ, ಒಂದೇ ಎಂಜಿನ್ನಿನ, ತಾನೇ ಹೊಸದಾದ ವಿಮಾನಕ್ಕೆ. ಇಬ್ಬರು ಹೊಸಬರನ್ನು ಒಬ್ಬರ ಕೊರಳಿಗೆ ಒಬ್ಬರನ್ನು ಕಟ್ಟಿ ನೀರಿಗೆ ಬಿಟ್ಟ ಹಾಗೆ. ಎಎಂಸಿಎಗೆ ಎರಡು ಎಂಜಿನ್. ಅದರ ಮೊದಲ ರೂಪ ಅಮೆರಿಕದ ಎಫ್-414ರಿಂದ ಹಾರಲಿದೆ. ಅಂದರೆ ಒಂದು ಕಡೆ ನಂಬಿಕೆಯ ಎಂಜಿನ್, ಇನ್ನೊಂದು ಕಡೆ ಹೊಸ ಎಂಜಿನ್ ಇಟ್ಟು ಪರೀಕ್ಷಿಸುವ ಅವಕಾಶ ಮೊದಲ ಸಲ ನಮ್ಮ ಕೈಗೆ ಬರುತ್ತಿದೆ. ಹಾಗೆ ಮಾಡಬೇಕೆಂದರೆ ಎಂಜಿನ್ ಗೂಡು, ಕೊಂಡಿ, ಕೊಳವೆ, ತಂತಿಗಳನ್ನು ಈಗಲೇ ಎರಡೂ ಅಳತೆಗೆ ಒಗ್ಗುವಂತೆ ಬಿಡಬೇಕು. ಮೊದಲ ಮೂಲರೂಪದ ಚೌಕಟ್ಟು ಕಟ್ಟಿದ ಮೇಲೆ ಕೇಳಿದರೆ ಆಗುವುದಿಲ್ಲ.

ಬೆಂಗಳೂರಿಗೆ ಇದು ಹಳೆಯ ಗಾಯ. 1961ರ ಜೂನ್ 17ರಂದು ಇಲ್ಲಿಂದ ಹಾರಿದ ಮಾರುತ್ ವಿಮಾನದ ಮೈ ಶಬ್ದವೇಗ ಮೀರಲೆಂದು ರೂಪಿಸಿದ್ದು. ಅದಕ್ಕೆ ಬೇಕಾದ ಎಂಜಿನ್ ಕೊನೆಗೂ ಸಿಗಲಿಲ್ಲ. ಮೊನ್ನೆ ಮೊನ್ನೆ, 2021ರ ಆಗಸ್ಟಿನಲ್ಲಿ ತೇಜಸ್ ಮಾರ್ಕ್-1ಎಗಾಗಿ 99 ಎಫ್-404 ಎಂಜಿನ್‌ಗಳಿಗೆ ಸಹಿ ಬಿತ್ತು. ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಎಚ್‌ಎಎಲ್‌ನಲ್ಲಿ ವಿಮಾನದ ಮೈಗಳು ಎಂಜಿನ್ ಇಲ್ಲದೆ ಸಾಲುಗಟ್ಟಿ ನಿಂತದ್ದನ್ನು ಊರೇ ನೋಡಿದೆ.

2024ರ ಮಾರ್ಚ್‌ನಲ್ಲಿ ಎಎಂಸಿಎಗೆ ಸುಮಾರು 15,000 ಕೋಟಿ ರೂಪಾಯಿ ಮಂಜೂರಾಯಿತು. 2025ರ ಆಗಸ್ಟಿನಲ್ಲಿ ರಕ್ಷಣಾ ಸಚಿವರು ಫ್ರಾನ್ಸಿನ ಸಾಫ್ರಾನ್ ಜೊತೆ ಸೇರಿ ಭಾರತದಲ್ಲೇ ಎಂಜಿನ್ ಮಾಡುವ ಹೆಜ್ಜೆ ಇಡುತ್ತಿದ್ದೇವೆ ಎಂದರು. ಗುರಿ 120 ಕಿಲೋನ್ಯೂಟನ್ ವರ್ಗದ್ದು. ಈ ಹೆಜ್ಜೆಯನ್ನು ನಾವು ವಿರೋಧಿಸುತ್ತಿಲ್ಲ, ಬೇಗ ಆಗಲಿ ಎಂದೇ ಬಯಸುತ್ತೇವೆ. ನಮ್ಮ ಕಳವಳ ಬೇರೆ. ಜೊತೆಗಾರರ ದೇಶದಲ್ಲಿ ಪರೀಕ್ಷಾ ಕೋಣೆ ಇದೆಯಲ್ಲ, ಅಲ್ಲೇ ಮಾಡಿಸಿದರಾಯಿತು ಎಂಬ ಮಾತು ಖರ್ಚು ಉಳಿಸುವ ಹೆಸರಿನಲ್ಲಿ ಬಂದೇ ಬರುತ್ತದೆ. ಆ ಮಾತಿಗೆ ಒಪ್ಪಿದರೆ ಕಾವೇರಿಯ ಸಾಲು ಮತ್ತೆ ಶುರು, ಮಾಸ್ಕೋ ಇದ್ದ ಜಾಗದಲ್ಲಿ ಇನ್ನೊಂದು ಊರು ಅಷ್ಟೆ. ಒಡಿಶಾದ ಕೋರಾಪುಟ್‌ನಲ್ಲಿ ಎಚ್‌ಎಎಲ್ ಸುಖೋಯ್‌ಗಾಗಿ ಎಎಲ್-31ಎಫ್‌ಪಿ ಎಂಜಿನ್ ಮಾಡುತ್ತಿದೆ. 2024ರ ಸೆಪ್ಟೆಂಬರಿನಲ್ಲಿ ಇನ್ನೂ 240ಕ್ಕೆ, 26,000 ಕೋಟಿ ರೂಪಾಯಿಗೆ, ಒಪ್ಪಂದವಾಯಿತು. ಚೀನಾ ಜೆ-20ರಿಂದ ಇಳಿಸಿದ ಕುಟುಂಬದ ಎಂಜಿನ್ ಅದೇ. ಅದನ್ನು ಮಾಡುವ ಕೈಗಳು ನಮ್ಮಲ್ಲಿ ಚೆನ್ನಾಗಿ ಪಳಗಿವೆ. ಹಾಗಿದ್ದೂ ಅದರ ಒಂದು ಬ್ಲೇಡಿನ ಆಕಾರ ಬದಲಿಸಿ ಎತ್ತರದಲ್ಲಿ ಓಡಿಸಿ ನೋಡುವ ಕೋಣೆ ನಮ್ಮಲ್ಲಿಲ್ಲ.

ಹಾರುವ ಪರೀಕ್ಷಾ ವಿಮಾನದ ವಿಷಯ ನಾವು ಅಂದುಕೊಂಡಷ್ಟು ದೂರದ್ದಲ್ಲ. ನಮ್ಮ ವಾಯುಪಡೆಯ ಹತ್ತಿರ ಐಎಲ್-76ಗಳಿವೆ, ಗಜರಾಜ ಎಂಬ ಹೆಸರಿನವು. ಅದರ ಪ್ರತಿ ಎಂಜಿನ್ನಿನ ನೂಕುಬಲ 12 ಟನ್, ಎಎಂಸಿಎಗೆ ಬೇಕಾದದ್ದೂ ಸರಿಸುಮಾರು ಅಷ್ಟೇ. ಅಂದರೆ ರೆಕ್ಕೆಯ ಕೊಂಡಿ ತಡೆಯಬೇಕಾದ ಬಲ ಅದರ ಮೂಲ ಲೆಕ್ಕದ ಹತ್ತಿರವೇ ಇದೆ. ಕೆಲಸ ಉಳಿಯುವುದು ಎಂಜಿನ್ನನ್ನು ರೆಕ್ಕೆಗೆ ತೂಗುಹಾಕುವ ಹೊಸ ಪೈಲಾನ್, ಆಫ್ಟರ್‌ಬರ್ನರಿನ ಬೆಂಕಿ ರೆಕ್ಕೆಯ ಹಿಂದಂಚಿನ ಅಲುಗುವ ಫ್ಲಾಪ್‌ಗೆ ತಾಗದಂತೆ ಎಂಜಿನ್ನನ್ನು ಮುಂದೆ ಕೆಳಗೆ ಇಳಿಸುವುದು, ಬೇರೆ ಇಂಧನ ದಾರಿ, ಬೆಂಕಿ ಆರಿಸುವ ವ್ಯವಸ್ಥೆ, ನೂರಾರು ಅಳತೆಗಳನ್ನು ಒಳಗೆ ತರುವ ತಂತಿಗಳು, ಸರಕು ಕೋಣೆಯಲ್ಲಿ ಎಂಜಿನಿಯರ್‌ಗಳ ಮೇಜುಗಳು, ತೂಕ ಸರಿದೂಗಿಸುವುದು. ಇದು ಸಣ್ಣ ಕೆಲಸವಲ್ಲ, ಆದರೆ ಗೊತ್ತಿರುವ ಕೆಲಸ. ಐಎಲ್-76 ಶಬ್ದವೇಗದ ಮುಕ್ಕಾಲು ಪಾಲಿಗಿಂತ ಹೆಚ್ಚೇನೂ ಹೋಗದು. ಆದ್ದರಿಂದ ಶಬ್ದವೇಗ ಮೀರಿದ ಪರೀಕ್ಷೆಗೆ ನೆಲದ ಕೋಣೆ ಬೇಕೇ ಬೇಕು. ಒಂದಿದ್ದರೆ ಇನ್ನೊಂದು ಬೇಡ ಎನ್ನುವ ಮಾತು ನಡೆಯದು.

ನೆಲದ ಕೋಣೆ ಮಾತ್ರ ದೊಡ್ಡದೇ. ಸೆಕೆಂಡಿಗೆ 100 ಕೆಜಿಗೂ ಹೆಚ್ಚು ಗಾಳಿಯನ್ನು ಒತ್ತಿ, ತಂಪು ಮಾಡಿ ಅಥವಾ ಬಿಸಿ ಮಾಡಿ ಎಂಜಿನ್ನಿನ ಬಾಯಿಗೆ ಕೊಡಬೇಕು. ಹಿಂದಿನಿಂದ ಬರುವ ಉರಿಯ ಅನಿಲವನ್ನು ತಂಪು ಮಾಡಿ ಹೊರಗೆ ಎಳೆದುಹಾಕಿ ಕೋಣೆಯ ಒತ್ತಡವನ್ನು ಕೆಳಗೇ ಹಿಡಿದಿಡಬೇಕು. ಇದಕ್ಕೆ ಒಂದು ಊರಿಗೆ ಸಾಲುವಷ್ಟು ವಿದ್ಯುತ್ ಬೇಕು, ಧಾರಾಳ ನೀರು ಬೇಕು, ಸುತ್ತ ಜನವಸತಿ ಇರಬಾರದು. ಸದ್ದು ಮೈಲಿಗಟ್ಟಲೆ ಕೇಳುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಡಿಆರ್‌ಡಿಒಗೆ ವೈಮಾನಿಕ ಪರೀಕ್ಷಾ ನೆಲೆ ಈಗಾಗಲೇ ಇದೆ. ಅಲ್ಲಿ ನೀರಿನ ಬರ ಎಲ್ಲರಿಗೂ ಗೊತ್ತು, ಕಾವಲು ಜಮೀನು ಕಳೆದುಕೊಂಡ ದನಗಾಹಿಗಳ ನೋವೂ ಗೊತ್ತು. ಹಾಗಾಗಿ ಅಲ್ಲೇ ಆಗಲಿ ಎಂದು ನಾವು ಪಟ್ಟು ಹಿಡಿಯುವುದಿಲ್ಲ. ಕರ್ನಾಟಕದಲ್ಲೇ ಆಗಬೇಕೆಂಬ ಹಟವೂ ನಮಗಿಲ್ಲ. ಈ ದೇಶದೊಳಗೆ ಆಗಬೇಕು, ಎಂಜಿನ್ನಿನ ಒಪ್ಪಂದಕ್ಕಿಂತ ಬೇರೆಯಾದ ಸ್ವಂತ ಹಣದಲ್ಲಿ ಆಗಬೇಕು. ಎಂಜಿನ್ ಯೋಜನೆ ತಡವಾದರೂ ನಿಂತರೂ ಕೋಣೆಯ ಕೆಲಸ ನಿಲ್ಲಬಾರದು.

ಚೀನಾ 2016ರ ಆಗಸ್ಟಿನಲ್ಲಿ ಎಂಜಿನ್ ಕಾರ್ಖಾನೆ, ಸಂಶೋಧನಾಲಯಗಳನ್ನೆಲ್ಲ ವಿಮಾನ ಕಂಪನಿಯಿಂದ ಬಿಡಿಸಿ ಎಇಸಿಸಿ ಎಂಬ ಬೇರೆ ಸಂಸ್ಥೆ ಮಾಡಿತು. ಮೂಲ ಬಂಡವಾಳ 5,000 ಕೋಟಿ ಯುವಾನ್, ನೌಕರರು ಸುಮಾರು 96,000. ವಿಮಾನ ಸತ್ತರೆ ಎಂಜಿನ್ ಸಾಯುವ ಹಳೆಯ ರೋಗಕ್ಕೆ ಮದ್ದು ಅದು. ಅಷ್ಟು ದೊಡ್ಡದನ್ನು ನಾವು ಕೇಳುತ್ತಿಲ್ಲ. ಬಜೆಟ್ಟಿನಲ್ಲಿ ಎಂಜಿನ್ ಪರೀಕ್ಷೆ ಮತ್ತು ಎಂಜಿನ್ ಲೋಹಗಳಿಗೆ ತನ್ನದೇ ಒಂದು ಸಾಲು ಇರಲಿ, ಎಎಂಸಿಎ ಹೆಸರಿನ ಅಡಿಯಲ್ಲಿ ಅದು ಅಡಗದಿರಲಿ.

ಬರುವ ಅಧಿವೇಶನದಲ್ಲಿ ಪಕ್ಷ ಯಾವುದೇ ಇರಲಿ, ತಮ್ಮಲ್ಲಿ ಒಬ್ಬರಾದರೂ ರಕ್ಷಣಾ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಇದನ್ನು ಕೇಳಬೇಕೆಂದು ಕೈಮುಗಿದು ಬೇಡುತ್ತೇವೆ. ತಮ್ಮ ಅನುಕೂಲಕ್ಕೆ ಪ್ರಶ್ನೆಯ ಮಾತನ್ನೂ ಇಲ್ಲೇ ಬರೆದಿದ್ದೇವೆ:

“ಯುದ್ಧವಿಮಾನದ ಎಂಜಿನ್ನನ್ನು ಎತ್ತರದ ವಾತಾವರಣದಲ್ಲಿ ಪರೀಕ್ಷಿಸುವ ಕೋಣೆಯನ್ನೂ, ಹಾರುವ ಪರೀಕ್ಷಾ ವಿಮಾನವನ್ನೂ ಭಾರತದೊಳಗೆ ಸ್ಥಾಪಿಸಲು ಮಂಜೂರಾದ ಹಣವೆಷ್ಟು, ಜಾಗ ಯಾವುದು, ಮುಗಿಯುವ ವರ್ಷ ಯಾವುದು; ಎಎಂಸಿಎಯ ಹೊಸ ಎಂಜಿನ್ನಿನ ಮೊದಲ ಎತ್ತರದ ಪರೀಕ್ಷೆ ಯಾವ ದೇಶದಲ್ಲಿ ನಡೆಯಲಿದೆ; ಆ ಪರೀಕ್ಷೆಯ ಅಂಕಿಅಂಶಗಳು ಯಾರ ಸ್ವತ್ತಾಗಿರುತ್ತವೆ; ಮತ್ತು ಎಎಂಸಿಎಯ ಮೂಲರೂಪಗಳಲ್ಲಿ ಒಂದು ಕಡೆ ಎಫ್-414, ಇನ್ನೊಂದು ಕಡೆ ಹೊಸ ಎಂಜಿನ್ ಕೂರಿಸಲು ಚೌಕಟ್ಟಿನಲ್ಲಿ ಅವಕಾಶ ಇಡಲಾಗಿದೆಯೇ?”

ಇಂತಿ,
ಬೆಂಗಳೂರಿನ ಕೆಲವು ಗ್ಯಾಸ್ ಟರ್ಬೈನ್ ಎಂಜಿನಿಯರ್‌ಗಳು